ಕೊನೆಯವಳ ಹಿಂದೆ ಬಂದ ವ್ಯಾನು

ಓಟದ ಹಿಂದಿನ ಸಂಜೆಯವರೆಗೂ ಇವಳ ಕೆಳಗಿನ ಮನೆಯ ಟೀಚರಮ್ಮ ಬರುವವಳೇ ಇದ್ದಳು. ಆಸೆ ಹಚ್ಚಿದ್ದೂ ಅವಳೇ, ಹೆಸರು ಬರೆಸಿದ್ದೂ ಅವಳೇ, ಇಬ್ಬರಿಗೂ ಒಂದೇ ಬಣ್ಣದ ಉಣ್ಣೆ ಟೋಪಿ ತಂದದ್ದೂ ಅವಳೇ. ಬೆಳಿಗ್ಗೆ ಇವಳು ಹೋಗಿ ಕದ ತಟ್ಟಿದರೆ, ರಗ್ಗು ಹೊದ್ದುಕೊಂಡೇ ಬಂದು ಬಾಗಿಲನ್ನು ಒಂದು ಗೇಣು ತೆರೆದಳು.

"ನನ್ನ ಕೈಲಾಗಲ್ಲ ಕಣೆ. ಕಿಟಕಿ ಗಾಜು ನೋಡು, ಹೊರಗಡೆ ಹಿಮ ಹೇಗೆ ಮೆತ್ತಿದೆ. ನೀನೂ ಹೋಗ್ಬೇಡ. ಮೂಗು ಉದುರಿ ಬಿದ್ರೆ ಎಲ್ಲಿ ಅಂತ ಹುಡುಕ್ತೀಯ?"

"ಎದೆಗೆ ನಂಬರ್ ಚೀಟಿ ಚುಚ್ಚಿಕೊಂಡು ಬಂದಾಗಿದೆಯಲ್ಲ."

"ಚುಚ್ಚಿದ್ದನ್ನ ಬಿಚ್ಚಿದ್ರಾಯ್ತು."

ಅದೂ ನಿಜವೇ. ಆದರೆ ಬಿಚ್ಚಿದ ಮೇಲೆ ಮತ್ತೆ ಮೆಟ್ಟಿಲು ಹತ್ತಿ ತನ್ನ ಒಂಟಿ ಕೋಣೆಗೇ ಹೋಗಬೇಕು. ಅಲ್ಲಿ ರಜೆಯ ದಿನ ಬಾಯಿ ತೆರೆದುಕೊಂಡು ಕೂತಿರುತ್ತದೆ. ಇವಳು ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕೆಳಗಿಳಿದಳು.

ಇವಳಿಗೆ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆಯಲ್ಲಿ ದಿನವಿಡೀ ಹಬೆ. ದೊಡ್ಡ ಯಂತ್ರಗಳ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳಿಸದು. ಹಾಸಿಗೆಯ ಚಾದರುಗಳು ಇಸ್ತ್ರಿಯ ಉರುಳೆಯಿಂದ ಸುಡುಸುಡುತ್ತ ಹೊರಬರುವಾಗ ಎರಡು ತುದಿ ಹಿಡಿದು ಮಡಚಬೇಕು. ಅಷ್ಟು ವರ್ಷ ಮಡಚಿ ಮಡಚಿ ಅವಳ ಬೆರಳ ತುದಿಗೆ ಬಿಸಿ ತಾಗುವುದೇ ನಿಂತುಹೋಗಿತ್ತು. ಗಂಡ ಬೇರೆ ಊರಲ್ಲಿ ಕೆಲಸ ಸಿಕ್ಕಿತೆಂದು ಹೋದವನು ವಾರಕ್ಕೊಮ್ಮೆ ಬರುತ್ತಿದ್ದದ್ದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಫೋನಿಗಿಳಿಯಿತು, ಆಮೇಲೆ ಅದೂ ಇಲ್ಲ. ಜಗಳವಾಗಿದ್ದರೆ ಹೇಳಿಕೊಳ್ಳಲಾದರೂ ಏನಾದರೂ ಇರುತ್ತಿತ್ತು. ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ರಕ್ತದಲ್ಲಿ ಸಕ್ಕರೆ ಏರಿದೆ, ನಡೆಯಮ್ಮ ಎಂದು ಡಾಕ್ಟರು ಹೇಳಿದ ಮೇಲೆ ನಡೆಯಲು ಶುರುಮಾಡಿದಳು. ನಡಿಗೆಯಲ್ಲಿ ಯೋಚನೆಗಳು ಜೊತೆಗೇ ಬರುತ್ತಿದ್ದವು. ಓಡಿದರೆ ಸ್ವಲ್ಪ ಹಿಂದೆ ಬೀಳುತ್ತಿದ್ದವು. ಹಾಗಾಗಿ ಓಡಿದಳು.

ಮೈದಾನದಲ್ಲಿ ಜನ ಗುಂಪುಗುಂಪಾಗಿ ನಿಂತು ಕುಣಿದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಎಲ್ಲರ ಬಾಯಿಂದಲೂ ಉಗಿ. ಓಟ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರೂ ಕೋಟು ಕಳಚಿ ಹೆಂಡತಿಗೋ, ತಮ್ಮನಿಗೋ, ಗೆಳತಿಗೋ ಕೊಟ್ಟರು. ಇವಳೂ ಗುಂಡಿ ಬಿಚ್ಚಿದಳು. ಬಿಚ್ಚಿ, ಅತ್ತ ಇತ್ತ ನೋಡಿ, ಮತ್ತೆ ಹಾಕಿಕೊಂಡಳು. ಕೋಟು ಹಾಕಿಕೊಂಡೇ ಓಡಿದ್ದು ಆ ಜನರಲ್ಲಿ ಅವಳೊಬ್ಬಳೇ ಇರಬೇಕು.

ಮೊದಲಿಗೆ ಎಲ್ಲರ ಹೆಜ್ಜೆಸದ್ದಿನೊಳಗೆ ಅವಳದೂ ಸೇರಿಹೋಗಿತ್ತು. ಅಂಗಡಿ ಬೀದಿ ದಾಟುವಷ್ಟರಲ್ಲಿ ಗುಂಪು ಮುಂದೆ ಸರಿಯಿತು. ಕಾಲುವೆಯ ಪಕ್ಕದ ರಸ್ತೆಗೆ ಬರುವಾಗ ಕೇಳಿಸುತ್ತಿದ್ದದ್ದು ತನ್ನದೊಂದೇ ಉಸಿರು. ಕೋಟಿನೊಳಗೆ ಬೆವರು, ಹೊರಗೆ ಮಂಜು. ಹತ್ತಿಯ ಕೈಗವಸು ಬೆವರಿಗೆ ನೆನೆದು ತಣ್ಣಗೆ ಅಂಟಿಕೊಂಡಿತ್ತು. ಕಿತ್ತು ಜೇಬಿಗೆ ತುರುಕಿದಳು. ಅದೇ ತಪ್ಪಾಯಿತು. ಸ್ವಲ್ಪ ಹೊತ್ತಿಗೆ ಬೆರಳುಗಳು ತನ್ನವು ಅನ್ನಿಸಲೇ ಇಲ್ಲ.

ಹಿಂದೆ ಒಂದು ಬಿಳಿ ವ್ಯಾನು ಆಮೆಯ ಹಾಗೆ ಬರುತ್ತಿತ್ತು. ಓಡಲಾರದವರನ್ನು ಹತ್ತಿಸಿಕೊಳ್ಳುವ ವ್ಯಾನು ಅದು. ಡ್ರೈವರ್ ಕಿಟಕಿ ಇಳಿಸಿದ. ಮಫ್ಲರಿನ ನಡುವೆ ಅವನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ಅಮ್ಮಾ, ನಿಮ್ಮ ಹಿಂದೆ ಇನ್ಯಾರೂ ಇಲ್ಲ. ಹತ್ತಿಬಿಡಿ. ಒಳಗೆ ಹೀಟರ್ ಇದೆ."

"ಬೇಡ."

"ನೀವು ಹತ್ತಿದ್ರೆ ನಾನೂ ಬೇಗ ಮನೆ ಸೇರ್ಕೋತೀನಿ."

"ನನಗೇನೂ ಬೇಗ ಇಲ್ಲ," ಎಂದಳು. ಒರಟಾಯಿತೇನೋ ಅನ್ನಿಸಿತು, ಆದರೆ ಇನ್ನೊಂದು ಮಾತಿಗೆ ಉಸಿರಿರಲಿಲ್ಲ. ಅವನು ಗಾಜು ಏರಿಸಿದ.

ಸೇತುವೆ ಕಾಣಿಸುವಷ್ಟರಲ್ಲಿ ಬಲಗಾಲಿನ ಬೂಟಿನ ದಾರ ಬಿಚ್ಚಿಕೊಂಡಿತು. ಕೂತಳು. ದಾರ ಕಾಣುತ್ತಿದೆ, ಬೆರಳೂ ಕಾಣುತ್ತಿದೆ, ಎರಡಕ್ಕೂ ಸಂಬಂಧವೇ ಇಲ್ಲ. ಹಿಡಿದೆ ಅಂದುಕೊಂಡರೆ ದಾರ ನೆಲದ ಮೇಲೆಯೇ ಬಿದ್ದಿರುತ್ತಿತ್ತು. ಬೆರಳನ್ನು ಬಾಯಿಯ ಹತ್ತಿರ ಹಿಡಿದು ಊದಿದಳು, ಕಂಕುಳಲ್ಲಿ ಒತ್ತಿದಳು, ಮತ್ತೆ ನೋಡಿದಳು, ಆಗಲಿಲ್ಲ. ವ್ಯಾನು ಬಂದು ಹಿಂದೆ ನಿಂತಿತು. ಒಂದು ಮಾತು ಕೇಳಿದರೆ ಮುಗಿಯಿತು. ಆದರೂ ದಾರದ ಜೊತೆ ಇನ್ನಷ್ಟು ಹೆಣಗಿದಳು. ಯಾರ ಬಳಿಯಾದರೂ ಏನನ್ನಾದರೂ ಕೇಳಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿರಲಿಲ್ಲ.

ಕೊನೆಗೆ ತಲೆ ಎತ್ತದೆಯೇ ಹೇಳಿದಳು: "ಸ್ವಲ್ಪ ಇದನ್ನ ಕಟ್ಟಿಕೊಡ್ತೀರಾ?"

ಅವನು ಇಳಿದು ಬಂದ. ಚಳಿ ಹಿಡಿದ ರಸ್ತೆಯ ಮೇಲೆಯೇ ಮಂಡಿಯೂರಿ, ಅವಳ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಅವಳು ಗಾಬರಿಯಿಂದ ಎಳೆದುಕೊಳ್ಳಹೋದಳು.

"ಸುಮ್ನಿರಿ. ನಮ್ಮಪ್ಪನಿಗೆ ಲಕ್ವ ಹೊಡೆದು ಒಂದು ಕೈ ಬಿದ್ದುಹೋಗಿದೆ. ದಿನಾ ಬೆಳಿಗ್ಗೆ ಇದೇ ಕೆಲಸ ನಂದು." ದಾರವನ್ನು ಬಿಗಿದು ಎರಡು ಗಂಟು ಹಾಕಿದ. "ಅವ್ರೂ ಹೀಗೇ. ಸತ್ರೂ ಕಟ್ಟು ಅಂತ ಬಾಯಿಬಿಟ್ಟು ಕೇಳಲ್ಲ. ಕಾಲು ಚಾಚಿಕೊಂಡು ಗೋಡೆ ನೋಡ್ತಾ ಕೂತಿರ್ತಾರೆ."

ಅವಳಿಗೆ ನಗು ಬಂತು, ಆದರೆ ಮರಗಟ್ಟಿದ ಕೆನ್ನೆ ಅದಕ್ಕೆ ಒಪ್ಪಲಿಲ್ಲ. ಅವನು ಕೈ ತೆಗೆದ ಮೇಲೂ ಹಿಮ್ಮಡಿಯ ಹತ್ತಿರ ಬಿಸಿ ಉಳಿದಿತ್ತು.

"ಈಗಲಾದ್ರೂ ಹತ್ತೀರಾ?"

"ಇಲ್ಲ."

"ಗೊತ್ತಿತ್ತು," ಎಂದು ಅವನು ಮಂಡಿಯ ಧೂಳು ಕೊಡವಿಕೊಂಡ.

ಸೇತುವೆಯ ಮೇಲೆ ಗಾಳಿ ನದಿಯ ಕಡೆಯಿಂದ ಅಡ್ಡಲಾಗಿ ಬಡಿಯುತ್ತಿತ್ತು. ಹತ್ತು ಹೆಜ್ಜೆ ಹಾಕಿದ್ದಳೋ ಇಲ್ಲವೋ, ಕೋಟು ಹಾಯಿಯಂತೆ ಉಬ್ಬಿ ಅವಳನ್ನೇ ಪಕ್ಕಕ್ಕೆ ತಳ್ಳಿತು. ಕಣ್ಣಲ್ಲಿ ನೀರು, ಅದು ಕೆನ್ನೆಗಿಳಿಯುವ ಮೊದಲೇ ತಣ್ಣಗಾಗುತ್ತಿತ್ತು. ಇನ್ನು ನಿಂತೇಬಿಡುವುದು ಎಂದುಕೊಳ್ಳುತ್ತಿರುವಾಗ ಗಾಳಿ ಕಡಿದುಹಾಕಿದಂತೆ ನಿಂತಿತು. ತಿರುಗಿ ನೋಡಿದರೆ ವ್ಯಾನು ನದಿಯ ಬದಿಗೆ ಬಂದಿತ್ತು. ಗೋಡೆಯಂತೆ ಅಡ್ಡ ನಿಂತು ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ ಬರುತ್ತಿತ್ತು. ಡ್ರೈವರ್ ಇವಳ ಕಡೆ ನೋಡಲೂ ಇಲ್ಲ. ರಸ್ತೆಯನ್ನೇ ನೋಡುತ್ತಿದ್ದ, ದಿನಾ ಮಾಡುವ ಕೆಲಸವೇ ಇದು ಎಂಬಂತೆ.

ಇಂಜಿನ್ನಿನ ಗುರ್ ಸದ್ದು, ಅವಳ ಉಸಿರು, ಕೆಳಗೆ ಬೂದು ನೀರು. ಸೇತುವೆ ಮುಗಿಯದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿಬಿಟ್ಟಿತು.

ಮುಗಿಯಿತು. ಮುಂದಿನ ದಾರಿಯಲ್ಲಿ ವಾಹನ ಬಿಡುತ್ತಿರಲಿಲ್ಲ; ವ್ಯಾನು ಎಡಕ್ಕೆ ತಿರುಗಬೇಕಿತ್ತು, ಓಟಗಾರರು ನೇರ. ಅವನು ಹಾರ್ನನ್ನು ಒಮ್ಮೆ ಮೆಲ್ಲಗೆ ಒತ್ತಿ ತಿರುಗಿಕೊಂಡ. ಕೈ ಬೀಸೋಣವೆಂದು ಇವಳು ಕೈ ಎತ್ತುವಷ್ಟರಲ್ಲಿ ವ್ಯಾನಿನ ಬೆನ್ನು ಕಾಣುತ್ತಿತ್ತು.

ಕೊನೆಯ ಗೆರೆಯ ಹತ್ತಿರ ಗಾಳಿ ತುಂಬಿದ ಕಮಾನನ್ನು ಆಗಲೇ ಇಳಿಸುತ್ತಿದ್ದರು. ಅದು ನೆಲದ ಮೇಲೆ ನಿಟ್ಟುಸಿರು ಬಿಡುತ್ತ ಮಲಗುತ್ತಿತ್ತು. ಹಗ್ಗ ಸುತ್ತುತ್ತಿದ್ದ ಹೆಂಗಸು ಇವಳನ್ನು ಕಂಡು, "ಅಯ್ಯೋ, ಇನ್ನೂ ಒಬ್ರಿದ್ರಾ," ಎಂದು ರಟ್ಟಿನ ಪೆಟ್ಟಿಗೆಯಿಂದ ಒಂದು ಪದಕ ತೆಗೆದು ಕೈಗೆ ಕೊಟ್ಟಳು. ಬೆರಳು ಹಿಡಿಯಲಿಲ್ಲ, ಪದಕ ಜಾರಿ ಬಿತ್ತು. ಆ ಹೆಂಗಸೇ ಹೆಕ್ಕಿ ಕೋಟಿನ ಜೇಬಿಗೆ ಹಾಕಿದಳು.

"ಆ ವ್ಯಾನು ಎಲ್ಲಿ ನಿಲ್ಲುತ್ತೆ?"

"ಯಾವ್ದು? ಬಾಡಿಗೆ ವ್ಯಾನಾ? ಅದು ಹೋಯ್ತಲ್ಲಮ್ಮ."

ಮನೆಯಲ್ಲಿ ಬಕೆಟ್ಟಿಗೆ ಬಿಸಿನೀರು ಬಿಟ್ಟು ಕೈ ಅದ್ದಿದಳು. ಬಿಸಿಯೇ ತಾಗದ ಆ ಬೆರಳುಗಳಿಗೆ ಜೀವ ಬರುವಾಗ ಸೂಜಿ ಚುಚ್ಚಿದಂತಹ ನೋವು. ನೋವಿಗೆ ಅಳು ಬಂತು. ನೋವು ಇಳಿದ ಮೇಲೂ ಅಳು ನಿಲ್ಲಲಿಲ್ಲ, ತಡೆಯಲೂ ಹೋಗಲಿಲ್ಲ. ಆಮೇಲೆ ಮುಖ ತೊಳೆದುಕೊಂಡು ಟೀಚರಮ್ಮನ ಮನೆಗೆ ಇಳಿದಳು. ಕರೆಯದೆ ಅವಳ ಮನೆಗೆ ಹೋದದ್ದು ಅದೇ ಮೊದಲು. ಟೀಚರಮ್ಮ ಚಹಾ ಬಸಿದು ಎಲ್ಲವನ್ನೂ ಕೇಳಿಸಿಕೊಂಡಳು.

"ಹೆಸರೇನಂತೆ ಅವನದು?"

"ಕೇಳಲಿಲ್ಲ."

"ನೋಡೋಕೆ ಹೇಗಿದ್ದ?"

"ಮಫ್ಲರ್ ಸುತ್ಕೊಂಡಿದ್ದ."

"ಚೆನ್ನಾಯ್ತು. ನಾಳೆ ಎದುರಿಗೆ ಬಂದ್ರೂ ನಿನಗೆ ಗೊತ್ತಾಗಲ್ಲ."

"ಹೂಂ. ಗೊತ್ತಾಗಲ್ಲ."

ಮುಂದೆ ಕೆಲವು ದಿನ ಕೆಲಸಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಬಿಳಿ ವ್ಯಾನುಗಳನ್ನೆಲ್ಲ ನೋಡಿದಳು. ಸಿಗ್ನಲಿನಲ್ಲಿ ನಿಂತಾಗ ಡ್ರೈವರುಗಳ ಕಣ್ಣು ನೋಡಿದಳು. ಒಬ್ಬಿಬ್ಬರು ತಿರುಗಿ ದುರುಗುಟ್ಟಿದರು. ಚಳಿ ಇಳಿಯುತ್ತ ಬಂದು ಜನ ಮಫ್ಲರು ತೆಗೆದ ಮೇಲೆ ನೋಡುವುದನ್ನೂ ಬಿಟ್ಟಳು. ಬೆಳಗಿನ ಓಟ ಮಾತ್ರ ಬಿಡಲಿಲ್ಲ. ಸೇತುವೆಯ ಕಡೆಗೇ ಹೋಗುತ್ತಿದ್ದಳು, ಒಬ್ಬಳೇ.