ಒಳಗಿನಿಂದ ಹಾಕುವ ಚಿಲಕ

ಆ ದಿನ ಬೆಳಗ್ಗೆ ಮಳೆ ಬರಲೂ ಇಲ್ಲ, ಬಿಡಲೂ ಇಲ್ಲ. ಜರಡಿ ಹಿಡಿದ ಹಿಟ್ಟಿನ ಹಾಗೆ ಸಣ್ಣಗೆ ಉದುರುತ್ತ, ವಿಶ್ವವಿದ್ಯಾಲಯದ ಹಾಸ್ಟೆಲ್ ಕಚೇರಿಯ ಮುಂದೆ ನಿಂತವರ ತಲೆ, ಹೆಗಲು, ಕೈಯ ಕಾಗದಗಳನ್ನೆಲ್ಲ ಒದ್ದೆ ಮಾಡಿತ್ತು.

ಆ ಸಾಲಿನಲ್ಲಿ ಬಸ್ ಕಂಡಕ್ಟರನೊಬ್ಬ ಮಗಳ ಜೊತೆ ನಿಂತಿದ್ದ. ಮಧ್ಯಾಹ್ನದ ಪಾಳಿಗೆ ಇಲ್ಲಿಂದಲೇ ಡಿಪೋಗೆ ಹೋಗಬೇಕಾಗಿದ್ದರಿಂದ ಖಾಕಿ ತೊಟ್ಟೇ ಬಂದಿದ್ದ. ಅಪ್ಪ ಮಗಳು ಆಗಲೇ ಮೂರೂ ಹಾಸ್ಟೆಲುಗಳನ್ನು ಸುತ್ತಿ ನೋಡಿಬಂದಿದ್ದರು.

"ಹೊಸದು ನೋಡೋಕೇನೋ ಥಳಥಳ ಅಂತಿದೆ. ಆದ್ರೆ ಒಂದೊಂದು ಕೋಣೆಗೆ ನಾಲ್ಕು ಜನ. ಸಂತೆ ದಿನದ ಬಸ್ಸು ಬಿಡಮ್ಮ ಅದು" ಎಂದ ಕಂಡಕ್ಟರ್.

"ರಸ್ತೆ ಪಕ್ಕದ್ದು?"

"ಅದರಲ್ಲಿ ಮಲಗಿದ್ರೆ ಕನಸಲ್ಲೂ ಹಾರ್ನ್ ಕೇಳುತ್ತೆ. ನನಗೆ ಸಂಬಳ ಕೊಟ್ಟು ಕೇಳಿಸ್ತಾರೆ, ನಿನಗ್ಯಾಕೆ ಆ ಕರ್ಮ?"

ಮಗಳು ನಕ್ಕಳು. ಅವಳ ಮನಸ್ಸೆಲ್ಲ ಗ್ರಂಥಾಲಯದ ಹಿಂದಿನ ಹಳೇ ಹಾಸ್ಟೆಲಿನ ಮೇಲಿತ್ತು. ಅಲ್ಲಿ ಮಾತ್ರ ಒಬ್ಬರಿಗೊಂದು ಕೋಣೆ. ಅವಳ ಮನೆಯಲ್ಲಿ ಆರು ಜನಕ್ಕೆ ಒಂದೂವರೆ ಕೋಣೆ. ಬಾಗಿಲು ಮುಚ್ಚಿತೆಂದರೆ ಯಾರಿಗೋ ಯಾರ ಮೇಲೋ ಸಿಟ್ಟು ಬಂದಿದೆ ಎಂದೇ ಅರ್ಥ. ಅಜ್ಜಿಯ ಕೆಮ್ಮು, ತಮ್ಮಂದಿರ ಜಗಳ, ಅಮ್ಮನ ಹೊಲಿಗೆ ಯಂತ್ರದ ಸದ್ದು, ಇವುಗಳ ನಡುವೆಯೇ ಓದಿ ಅವಳು ಇಲ್ಲಿಯವರೆಗೆ ಬಂದಿದ್ದಳು. ಪರೀಕ್ಷೆಯ ತಿಂಗಳಲ್ಲಿ ಡಿಪೋದಲ್ಲಿ ಕೆಟ್ಟು ನಿಂತ ಬಸ್ಸಿನ ಕೊನೆಯ ಸೀಟೇ ಅವಳ ಓದುವ ಕೋಣೆ. ಹದಿನೆಂಟು ವರ್ಷದಲ್ಲಿ ದೇವರ ಹತ್ತಿರ ಅವಳು ತನಗಾಗಿ ಕೇಳಿಕೊಂಡದ್ದು ಒಂದೇ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ.

ಕೋಣೆ ಹಂಚುವ ಕ್ರಮ ಸರಳವಾಗಿತ್ತು. ಚೀಟಿಯ ಸಂಖ್ಯೆಯಂತೆ ಒಬ್ಬೊಬ್ಬರೇ ಒಳಗೆ ಹೋಗಿ ಬೇಕಾದ ಕೋಣೆ ಹೇಳಬೇಕು. ಗುಮಾಸ್ತರು ಪುಸ್ತಕದಲ್ಲಿ ಬರೆದುಕೊಂಡು, ಚೀಟಿಯ ಮೂಲೆ ಹರಿದು, ಬೀಗದ ಕೈ ಕೊಡುತ್ತಾರೆ. ಮೂಲೆ ಹರಿದ ಚೀಟಿ ಎಂದರೆ ಅದರ ಕೆಲಸ ಮುಗಿಯಿತು. ಒಂಟಿ ಕೋಣೆಗಳು ಎಷ್ಟು ಉಳಿದಿವೆ ಎಂದು ಗೋಡೆಯ ಕಪ್ಪುಹಲಗೆಯ ಮೇಲೆ ಆಗಾಗ ಅಳಿಸಿ ಬರೆಯುತ್ತಿದ್ದರು. ಮಗಳ ಚೀಟಿ ನಲವತ್ತೆರಡು. ಮೂವತ್ತೊಂಬತ್ತನೆಯವಳು ಹೊರಬಂದಾಗ ಹಲಗೆಯ ಮೇಲೆ ಎರಡು ಎಂದಿತ್ತು. ಮಗಳು ಕಣ್ಣು ಕೀಳದೆ ಅದನ್ನೇ ನೋಡುತ್ತ ನಿಂತಳು.

ಆಗ ಹಸಿರು ಕೊಡೆ ಹಿಡಿದ ಹುಡುಗಿಯೊಬ್ಬಳು ಕಂಡಕ್ಟರನ ಹತ್ತಿರ ಬಂದು ಚೀಟಿ ಚಾಚಿದಳು. "ಇದು ನಲವತ್ತೊಂದಾ, ನಲವತ್ತೇಳಾ ಸರ್? ನೀರು ಬಿದ್ದು ಕಲಸಿಹೋಗಿದೆ." ಖಾಕಿ ನೋಡಿ ಆತನನ್ನು ಅಲ್ಲಿಯ ನೌಕರನೇ ಎಂದುಕೊಂಡಿದ್ದಳು.

ಕಂಡಕ್ಟರ್ ಚೀಟಿ ಇಸಿದುಕೊಂಡು ಬೆಳಕಿಗೆ ಹಿಡಿದ. "ನಲವತ್ತೊಂದು ಕಣಮ್ಮ. ನಮ್ಮ ಮುಂದೆ ನೀನೇ" ಎಂದ. ಎಂದವನೇ ಹೆಬ್ಬೆರಳಲ್ಲಿ ಚೀಟಿಯ ಮೂಲೆ ಚರ್ರೆಂದು ಹರಿದು ಕೊಟ್ಟುಬಿಟ್ಟ. ಇಳಿಯುವವರ ಟಿಕೆಟ್ ಇನ್ನೊಬ್ಬರ ಕೈಸೇರದಿರಲೆಂದು ಇಪ್ಪತ್ತೆಂಟು ವರ್ಷ ಹಾಗೆಯೇ ಹರಿದ ಕೈ ಅದು. ಹರಿದ ಚೂರು ತಾನಾಗಿಯೇ ಜೇಬಿಗೆ ಹೋಯಿತು. ಏನಾಯಿತೆಂದು ಅವನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ತಿಳಿದದ್ದು ನಲವತ್ತನೆಯವಳು ಹೊರಬಂದು, ಹಸಿರು ಕೊಡೆಯವಳು ಒಳಗೆ ಹೋಗಿ, ಗುಮಾಸ್ತರ ಮಾತು ಹೊರಗೆ ಕೇಳಿದಾಗ.

"ಏನಮ್ಮ, ಮೂಲೆ ಹರಿದಿದೆ. ಕೋಣೆ ತಗೊಂಡಾಗಿದೆಯಲ್ಲ?"

"ಇಲ್ಲ ಸರ್. ನಾನು ಈಗ್ಲೇ ಬರ್ತಿರೋದು."

"ಬೆಳಗ್ಗಿಂದ ನೀನು ಮೂರನೆಯವಳು. ಮೊದಲು ತಗೊಳ್ಳೋದು, ಆಮೇಲೆ ಬೇರೆ ಬೇಕು ಅನ್ನೋದು. ಪಕ್ಕಕ್ಕೆ ನಿಲ್ಲು. ಎಲ್ಲಾ ಮುಗೀಲಿ, ಪುಸ್ತಕ ನೋಡಿ ಹೇಳ್ತೀನಿ. ನಲವತ್ತೆರಡು!"

ಹಲಗೆಯ ಮೇಲೆ ಒಂದು ಎಂದಿತ್ತು. ಮಗಳು ಒಳಗೆ ಓಡಿದಳು. ಹಸಿರು ಕೊಡೆಯ ಹುಡುಗಿ ಹೊರಗೆ ಬಂದು, ಈ ಖಾಕಿಯವರಾದರೂ ಒಂದು ಮಾತು ಹೇಳಿಯಾರು ಎಂಬಂತೆ ಕಂಡಕ್ಟರನ ಮುಖ ನೋಡಿದಳು. ಅವನು ಸೂರಿನಿಂದ ತೊಟ್ಟಿಕ್ಕುವ ನೀರನ್ನು ನೋಡಿದ. ತಪ್ಪಿ ಹರಿದದ್ದು ಕೈ. ಸುಮ್ಮನಿದ್ದದ್ದು ಮಾತ್ರ ಅವನೇ.

"ಸಿಕ್ತು ಅಪ್ಪಾ!" ಮಗಳು ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡಳು. "ಒಂಬತ್ತನೇ ನಂಬರು. ಕೊನೇದು!"

ಇಬ್ಬರೂ ಹಳೇ ಹಾಸ್ಟೆಲಿಗೆ ನಡೆದರು. ಒಂದು ಮಂಚ, ಒಂದು ಮೇಜು, ಹೊರಗೊಂದು ಮರ ಕಾಣುವ ಕಿಟಕಿ. ಬಾಗಿಲಿಗೆ ಉದ್ದನೆಯ ಕಬ್ಬಿಣದ ಚಿಲಕ.

"ಅಪ್ಪ, ಒಂದ್ನಿಮಿಷ ಹೊರಗೆ ನಿಂತ್ಕೋ. ಬೇಜಾರಿಲ್ಲ ತಾನೇ?"

"ನಿನ್ನ ಮನೆ, ನಿನ್ನ ದರ್ಬಾರು" ಎಂದು ಅವನು ಹೊರಗೆ ನಿಂತ. ಚಿಲಕ ಬಿದ್ದ ಸದ್ದು ಕೇಳಿಸಿತು. ಆಮೇಲೆ ಒಳಗಿನಿಂದ ಏನೂ ಕೇಳಿಸಲಿಲ್ಲ. ಗರ್ಭಗುಡಿಯ ಮುಂದೆ ನಿಂತವರು ಬೇಡುವುದನ್ನು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುತ್ತಾರಲ್ಲ, ಅಂಥ ಮೌನ. ಕಂಡಕ್ಟರ್ ಜೇಬಿನ ಮೇಲೆ ಕೈಯಿಟ್ಟುಕೊಂಡ. ಉಗುರಿನಷ್ಟು ಅಗಲದ ಕಾಗದ. ಇದರ ಭಾರ ಹೊತ್ತು ದಿನವೂ ಇವಳ ಸುಖದ ಸುದ್ದಿ ಕೇಳಬೇಕು. ಕೇಳಲಾದೀತೇ?

ಮಗಳು ಬಾಗಿಲು ತೆಗೆದಾಗ ಅವನು ಸುತ್ತಿ ಬಳಸದೆ ಹೇಳಿಬಿಟ್ಟ.

ಅವಳ ಮುಖದ ಬೆಳಕು ಆರಿತು. "ಬೇಕಂತ ಮಾಡಿದ್ಯಾ?"

"ಹರಿದದ್ದು ಬೇಕಂತ ಅಲ್ಲ. ಸುಮ್ಮನಿದ್ದದ್ದು... ಬೇಕಂತಲೇ ಮಗಾ."

"ಯಾರಾದ್ರೂ ನೋಡಿದ್ರಾ?"

"ನೋಡೋನು ನೋಡಿರ್ತಾನೆ."

"ನನಗೆ ಹೇಳ್ದೇ ಇರಬಹುದಿತ್ತಲ್ಲ ಅಪ್ಪ!" ಅವಳ ದನಿ ಒಡೆಯಿತು. "ಅವಳಿಗೆ ಇದು ನನ್ನಷ್ಟು ಬೇಕಾಗಿದೆ ಅಂತ ನಿನಗೇನು ಗೊತ್ತು?"

"ಗೊತ್ತಿಲ್ಲ. ಬೇಕೋ ಬೇಡವೋ, ಸರದಿ ಅವಳದು."

ಅವಳು ಒಳಗೆ ಹೋಗಿ ಮತ್ತೆ ಚಿಲಕ ಹಾಕಿಕೊಂಡಳು. ಕಂಡಕ್ಟರ್ ಬಾಗಿಲು ತಟ್ಟಲಿಲ್ಲ. ಡಿಪೋಗೆ ಹೊತ್ತಾಗುತ್ತಿತ್ತು. ಆದರೂ ಗಡಿಯಾರ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮುಖ ತೊಳೆದಂತೆ ಒದ್ದೆಯಾಗಿತ್ತು. ಆ ಕೋಣೆಯಲ್ಲಿ ನಲ್ಲಿ ಇರಲಿಲ್ಲ.

"ನಡಿ" ಎಂದಳು.

ಕಚೇರಿಯಲ್ಲಿ ಸಾಲು ಕರಗಿತ್ತು. ಹಸಿರು ಕೊಡೆಯ ಹುಡುಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕಂಡಕ್ಟರ್ ನಡೆದದ್ದನ್ನು ಹೇಳಿ, ಜೇಬಿನ ಚೂರನ್ನು ಮೇಜಿನ ಮೇಲಿಟ್ಟ. ಗುಮಾಸ್ತರು ಆ ಹುಡುಗಿಯ ಚೀಟಿ ತರಿಸಿ, ಚೂರನ್ನು ಅದರ ಮೂಲೆಗೆ ಕೂಡಿಸಿ ನೋಡಿದರು. ಸರಿಯಾಗಿ ಕೂತಿತು. ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ನಿಮ್ಮ ಮಗಳಿಗೆ ಹೊಸ ಕಟ್ಟಡದಲ್ಲಿ ನಾಲ್ಕು ಜನರ ಕೋಣೇನೇ ಗತಿ. ಆಗಬಹುದಾ?" ಎಂದರು.

"ಬರ್ಕೊಳ್ಳಿ ಸರ್" ಎಂದಳು ಮಗಳು.

ಆಮೇಲೆ ಬೆಂಚಿನ ಹತ್ತಿರ ಹೋದಳು. ಹಸಿರು ಕೊಡೆಯ ಹುಡುಗಿ ಏನೋ ಕೇಳಲು ಬಾಯಿ ತೆರೆದಳು. ಮಗಳು ಬೇಡವೆಂಬಂತೆ ತಲೆಯಾಡಿಸಿ, ಅವಳ ಅಂಗೈಯಲ್ಲಿ ಒಂಬತ್ತನೇ ನಂಬರಿನ ಬೀಗದ ಕೈಯಿಟ್ಟು, ಅವಳ ಬೆರಳುಗಳನ್ನು ಅದರ ಮೇಲೆ ಮಡಚಿದಳು.