ಬಸವಕುಮಾರ್ ಸಾಹೇಬರಿಗೆ ಬಿದ್ದ ಗಂಧದ ಹಾರ

ಕಂಪ್ಲಿಯ ನಮ್ಮ ಪ್ರಾಂತಾಧಿಕಾರಿ ಕಚೇರಿಯ ಇತಿಹಾಸವೆಲ್ಲ ಅದರ ಸಭಾಂಗಣದ ಗೋಡೆಯ ಮೇಲಿದೆ. ಮೊದಲು ಮೀಸೆಯ ಇಂಗ್ಲಿಷ್ ದೊರೆಗಳು, ಆಮೇಲೆ ಕೋಟು-ರುಮಾಲಿನವರು, ಸಫಾರಿಯವರು, ಈಚೆಗೆ ಬಣ್ಣದ ಫೋಟೊದಲ್ಲಿ ಹಲ್ಲು ತೋರಿಸುವವರು. ತೀರಿಕೊಂಡ ಅಧಿಕಾರಿಯ ಫೋಟೊಕ್ಕೆ ಗಂಧದ ಹಾರ ಹಾಕುವುದು ಪದ್ಧತಿ. ದೊರೆಗಳ ಸಾವಿನ ಸುದ್ದಿಯೇನೂ ಬರಲಿಲ್ಲ. ಇಷ್ಟೊತ್ತಿಗೆ ಹೋಗಿರಬೇಕೆಂದು ಒಂದೇ ದಿನ ಎಲ್ಲರಿಗೂ ಹಾಕಿದರು.

ಫೋಟೊ ಒರೆಸುವವಳು ವಿರುಪಮ್ಮ. ಬಸವಕುಮಾರ್ ಸಾಹೇಬರು ಇಲ್ಲಿದ್ದಾಗ ರಸ್ತೆ ಅಗಲ ಮಾಡಲು ಜೆಸಿಬಿ ತರಿಸಿ ಅವಳ ಮನೆ ಕೆಡವಿಸಿದ್ದರು. ಒಳಗೆ ಸತ್ತ ಗಂಡ ಉಚ್ಚೆಂಗಪ್ಪನ ಫೋಟೊ ಇತ್ತು. ಅವಳಿಗೆ ಇದ್ದದ್ದು ಅದೊಂದೇ. "ಅದೊಂದು ತಗೊಂಡ್ ಬರ್ತೀನ್ರಿ" ಎಂದು ಕೈಮುಗಿದಳು. ಸಾಹೇಬರು ಜೆಸಿಬಿ ಡ್ರೈವರ್ ಕಡೆ ತಿರುಗಿ, ಕೆಡವು ಎಂಬಂತೆ ಬೆರಳಾಡಿಸಿದರು. ಆಮೇಲೆ ಬದಲಿ ಜಾಗ ಸಿಕ್ಕಿತು, ಕಚೇರಿಯಲ್ಲಿ ಕಸ ಗುಡಿಸುವ ಕೆಲಸವೂ ಸಿಕ್ಕಿತು. ಫೋಟೊ ಸಿಗಲಿಲ್ಲ.

ಈ ವರ್ಷ ಕಚೇರಿಗೆ ನೂರೈವತ್ತು ತುಂಬಿತು. ಬದುಕಿರುವ ಮಾಜಿ ಅಧಿಕಾರಿಗಳನ್ನೆಲ್ಲ ಕರೆಯಿರಿ ಎಂದು ಆದೇಶವಾಯಿತು. ಶಿರಸ್ತೇದಾರ್ ಗಿರೀಶ್ ಫೋನು ಮಾಡಿ ವಿಚಾರಿಸುವ ಪೈಕಿಯವನಲ್ಲ, ಗೋಡೆ ನೋಡಿದ. ಹಾರ ಇಲ್ಲದವರಿಗೆ ಕಾರ್ಡು, ಇದ್ದವರಿಗೆ ಶ್ರದ್ಧಾಂಜಲಿ. ಅವನು ನೋಡುವ ಹಿಂದಿನ ದಿನವೇ ವಿರುಪಮ್ಮ ಹೊಸಪೇಟೆಯಿಂದ ಹಾರ ತಂದು ಬಸವಕುಮಾರರ ಫೋಟೊಕ್ಕೆ ತಂತಿ ಸುತ್ತಿ ಬಿಗಿದಿದ್ದಳು.

"ಇವರು ಯಾವಾಗ ಹೋದ್ರು, ವಿರುಪಕ್ಕ?" ಎಂದು ಗಿರೀಶ್ ಕೇಳಿದ.

"ಭಾಳ ದಿನ ಆತ್ರಿ."

ಸಮಾರಂಭದ ದಿನ, ಕಾರ್ಡು ಬರದಿದ್ದರೂ, ಪೇಪರಿನಲ್ಲಿ ಸುದ್ದಿ ಓದಿ ಬಸವಕುಮಾರ್ ಬಂದೇಬಿಟ್ಟರು. ಅವರು ಒಳಗೆ ಕಾಲಿಡುವ ಹೊತ್ತಿಗೆ ಅಗಲಿದವರ ಹೆಸರು ಓದಿ ಮುಗಿದು, ಸಭೆ ಮೌನಾಚರಣೆಗೆ ಎದ್ದು ನಿಂತಿತ್ತು. ತಮಗಾಗಿ ಎದ್ದರೆಂದುಕೊಂಡರು, ಅದು ಸುಳ್ಳೂ ಅಲ್ಲ.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು.

ಎಮ್ಮಿಗನೂರಿನ ರೈಸ್‌ಮಿಲ್ ಗಾದಿಲಿಂಗಪ್ಪ ಪಕ್ಕದವನನ್ನು ತಿವಿದ. "ಲೇ, ಇವ್ರ ಸಲುವಾಗೇ ಅಲ್ಲೇನ್ಲೇ ನಾವು ನಿಂತಿರೋದು?"

ಅಲ್ಲಿಗೆ ಮೌನ ಮುಗಿಯಿತು. ನಗುತ್ತಿದ್ದವರೆಲ್ಲ ನೋಡುತ್ತಿದ್ದ ಕಡೆ ಸಾಹೇಬರೂ ನೋಡಿದರು.

"ಯಾರು ಹಾಕಿದ್ದು ಇದನ್ನ?"

"ನಾನ್ರಿ." ವಿರುಪಮ್ಮ ಮುಂದೆ ಬಂದು ಮನೆಯ ಮಾತು, ಗಂಡನ ಫೋಟೊದ ಮಾತು ಎಲ್ಲರೆದುರೇ ಹೇಳಿದಳು.

"ಎಷ್ಟೋ ಮನೆ ತೆಗೆಸಿದ್ದೀನಮ್ಮ. ಯಾವುದಂತ ನೆನಪಿಟ್ಕೊಳ್ಳಲಿ?"

"ಇನ್ನ ಮ್ಯಾಲೆ ನೆನಪಿರ್ತೈತಿ ಬಿಡ್ರಿ."

"ಬಿಚ್ಚು ಅದನ್ನ!"

"ನಾ ಬಿಚ್ಚಂಗಿಲ್ರಿ. ಕೆಲಸದಿಂದ ಬಿಡಸ್ತೀರೇನು, ಬಿಡಸ್ರಿ."

ಗಿರೀಶ್ ಈಗಿನ ಸಾಹೇಬರ ಮುಖ ನೋಡಿದ. ಈಗಿನ ಸಾಹೇಬರು ಮೊಬೈಲು ನೋಡಿದರು. ಬಸವಕುಮಾರ್ ತಾವೇ ಪ್ಲಾಸ್ಟಿಕ್ ಕುರ್ಚಿ ಎಳೆದು ಹತ್ತಿದರು. ತಂತಿ ಬೆರಳಿಗೆ ಚುಚ್ಚಿತು, ಬಿಚ್ಚಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ಊಟಕ್ಕೆ ಕರೆದರು. ಸಭೆಗೆ ಊಟದ ಮೇಲಿರುವ ಗೌರವ ಬೇರೆ ಯಾವ ಮಾಜಿಯ ಮೇಲೂ ಇಲ್ಲ, ಸಭಾಂಗಣ ಖಾಲಿಯಾಯಿತು.

"ಯಾರಾದ್ರೂ ಕುರ್ಚಿನಾದ್ರೂ ಹಿಡ್ಕೊಳ್ರಪ್ಪಾ, ಅಲ್ಲಾಡ್ತಿದೆ!"

ಹತ್ತಿರದಲ್ಲಿ ಉಳಿದವಳು ವಿರುಪಮ್ಮ ಒಬ್ಬಳೇ. ಅವಳು ಕುರ್ಚಿಯ ಕಾಲು ನೋಡಿದಳು, ಸಾಹೇಬರ ಮುಖ ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡು ಊಟಕ್ಕೆ ನಡೆದಳು.