ಡೆಸ್ಕಿನ ಕೆಳಗಿನ ಹೆಬ್ಬೆರಳು

ಫ್ಯಾನಿನ ಗಾಳಿಗೆ ಮತ್ತೆ ಅದೇ ಹಾಳೆಯ ಮೂಲೆ ಎದ್ದಿತು, ಮೂವತ್ತೆಂಟು ಉತ್ತರಪತ್ರಿಕೆಗಳಲ್ಲಿ ಇದೊಂದಕ್ಕೇ ಅದೇನು ಅವಸರವೋ, ಗಣಿತದ ಟೀಚರ್ ಅದರ ಮೇಲೆ ಡಸ್ಟರ್ ಇಟ್ಟಳು, ಸ್ಟಾಫ್ ರೂಮಿನ ಮೇಜಿನ ಮೇಲೆ ಮೂರು ಕಟ್ಟು — ತಾವಾಗಿಯೇ ಪಾಸಾಗುವವರು, ಸ್ವಲ್ಪ ತಳ್ಳಿದರೆ ದಾಟುವವರು, ಮೂರನೆಯದಕ್ಕೆ ತಾನು ಹೆಸರಿಟ್ಟಿರಲಿಲ್ಲ, ಹೆಡ್‌ಮಿಸ್ ಬೆಳಿಗ್ಗೆ ಇಟ್ಟೇ ಹೋದರು, ಅವರನ್ನ ಬಿಟ್ಬಿಡಿ ಮಿಸ್, ಇಲಾಖೆ ಪರೀಕ್ಷೆಗೆ ಇನ್ನು ಒಂಬತ್ತೇ ದಿನ, ವಿಶೇಷ ತರಗತಿಗೆ ನಡುವಿನ ಕಟ್ಟಿನೋರು ಸಾಕು, ಮಧ್ಯಾಹ್ನದ ಗಂಟೆ ಹೊಡೆಯೋದ್ರೊಳಗೆ ಪಟ್ಟಿ ಕೊಡಿ — ಕೆಟ್ಟವರೇನಲ್ಲ ಪಾಪ, ಅವರ ತಲೆಯ ಮೇಲೂ ಯಾರೋ ಕೂತಿದ್ದಾರೆ. ಗಂಟೆಗೆ ಇನ್ನು ಇಪ್ಪತ್ತು ನಿಮಿಷ, ಡಸ್ಟರಿನ ಕೆಳಗಿರುವುದು ಗುಬ್ಬಿಯ ಹಾಳೆ, ಇಪ್ಪತ್ತಕ್ಕೆ ಮೂರು, ಆ ಮೂರೂ ಆಕೃತಿಗಳ ಹೆಸರು ಬರೆದಿದ್ದಕ್ಕೆ, ಐದನೇ ತರಗತಿಯ ಮೂರನೇ ಬೆಂಚಿನ ಗುಬ್ಬಿ, ಹಾಜರಿ ಕೂಗಿದರೆ ಅವಳ ಎಸ್ ಮಿಸ್ ಅವಳಿಗೇ ಕೇಳಿಸುವುದಿಲ್ಲ, ಒಂದು ಕೈಯಲ್ಲಿ ಪೆನ್ಸಿಲು, ಇನ್ನೊಂದು ಯಾವಾಗಲೂ ಡೆಸ್ಕಿನ ಕೆಳಗೆ, ಲಂಗದ ಮಡಿಕೆಯೊಳಗೆ, ಏನು ಬಚ್ಚಿಟ್ಟುಕೊಂಡಿದ್ದಾಳೋ ಎಂದು ಒಮ್ಮೆ ಬಗ್ಗಿ ನೋಡಿದ್ದುಂಟು, ಏನೂ ಇರಲಿಲ್ಲ, ಬರೀ ಕೈ. ಮೂರನೇ ಕಟ್ಟಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಮುಗಿಯಿತು, ಹಾಕಲು ಕೈ ಬರುತ್ತಿಲ್ಲ, ಎಂಟು ಮತ್ತು ಐದು ಹನ್ನೆರಡು, ಒಂಬತ್ತು ಮತ್ತು ನಾಲ್ಕು ಹನ್ನೆರಡು, ಆರು ಮತ್ತು ಏಳೂ ಹನ್ನೆರಡೇ, ಅಲ್ಲ, ಹದಿಮೂರರ ಮೇಲೆ ಇವಳಿಗೇನು ಮುನಿಸು, ಟೀಚರ್ ತಾನೇ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದಾಳೆ, ಎಳೆಯುವಾಗ ಕಣ್ಣು ಎಲ್ಲಿತ್ತೋ, ಹದಿಮೂರರಲ್ಲಿ ಐದು ಹೋದರೆ ಒಂಬತ್ತು, ಹತ್ತರಲ್ಲಿ ನಾಲ್ಕು ಹೋದರೆ ಏಳು — ಕೂಡಿದರೆ ಒಂದು ಕಡಿಮೆ, ಕಳೆದರೆ ಒಂದು ಹೆಚ್ಚು, ದೊಡ್ಡ ಲೆಕ್ಕಗಳಲ್ಲಿ ಒಂದೊಂದು ಸ್ಥಾನದಲ್ಲೂ ಒಂದೊಂದು ತಪ್ಪಿ ಉತ್ತರ ಎಲ್ಲಿಗೋ ಹೋಗಿ ಬಿದ್ದಿದೆ, ಬಾಯಿಗೆ ಬಂದದ್ದು ಬರೆಯುತ್ತಾಳೆ ಎಂದುಕೊಂಡಿದ್ದೆನಲ್ಲ, ಬಾಯಿಗೆ ಬಂದದ್ದು ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ಬರೆಯುತ್ತಾರೆಯೇ. ಏನ್ ಮೇಡಂ, ಮೂರು ಮಾರ್ಕಿಗೆ ಇಷ್ಟೊತ್ತಾ, ಅದರ ಮೇಲೆ ಪಿಎಚ್‌ಡಿ ಮಾಡ್ತೀರೋ ಹೇಗೆ, ವಿಜ್ಞಾನದ ಮೇಷ್ಟ್ರು, ಬಾಯಲ್ಲಿ ಬಿಸ್ಕತ್ತು, ಸುಮ್ನಿರಿ ಮೇಷ್ಟ್ರೇ.

ಬಾಗಿಲಲ್ಲಿ ನೆರಳು, ನೋಟ್‌ಪುಸ್ತಕಗಳ ರಾಶಿಯ ಮೇಲೆ ಎರಡು ಕಣ್ಣು, ನೆನೆದಾಗಲೇ ಬಂದಳಲ್ಲ ಗುಬ್ಬಿ, ನೂರು ವರ್ಷ ಆಯಸ್ಸು ಇವಳಿಗೆ, ಅಲ್ಲಿಡು ಪುಟ್ಟಿ, ಇಲ್ಲಿ ಬಾ, ಎಂಟಕ್ಕೆ ಐದು ಕೂಡಿಸು ನೋಡೋಣ, ಎಡಗೈ ತಟ್ಟನೆ ಬೆನ್ನ ಹಿಂದೆ ಹೋಯಿತು, ಅದ್ಯಾಕೆ ಬಚ್ಚಿಡ್ತೀಯ, ಕೈ ಮುಂದೆ ತಾ, ನೀವೇ ಹೇಳಿದ್ರಲ್ಲ ಮಿಸ್, ಐದನೇ ಕ್ಲಾಸಿನೋರು ಬೆರಳು ಎಣಿಸ್ಬಾರ್ದು ಅಂತ. ಹೇಳಿದ್ದೆ, ಮೊದಲ ದಿನವೇ, ಕರಿಹಲಗೆಗೆ ಬೆನ್ನು ಕೊಟ್ಟು ನಿಂತು, ಎಷ್ಟು ಗತ್ತಿನಿಂದ ಹೇಳಿದ್ದೆ, ಇವತ್ತು ಎಣಿಸು ಪುಟ್ಟಿ, ನಾನೇ ಹೇಳ್ತಿದೀನಿ. ಕೈ ಮುಂದೆ ಬಂತು, ಹೆಬ್ಬೆರಳು ಮಡಚಿಕೊಂಡಿತು, ಎಂಟು, ತೋರುಬೆರಳು ಒಂಬತ್ತು, ಹತ್ತು, ಹನ್ನೊಂದು, ಕಿರುಬೆರಳು ಹನ್ನೆರಡು — ಹನ್ನೆರಡು ಮಿಸ್, ಮೊದಲೇ ಕೈಯಲ್ಲಿದ್ದ ಎಂಟಕ್ಕೂ ಒಂದು ಬೆರಳು ಕೊಟ್ಟುಬಿಟ್ಟಿದೆ ಮಗು, ಚಿಕ್ಕಂದಿನಲ್ಲಿ ತನಗೆ ಎಣಿಸುವುದನ್ನು ಯಾರು ಕಲಿಸಿದ್ದರು, ಪುಸ್ತಕವಂತೂ ಅಲ್ಲ, ಅಮ್ಮ, ಬಾಡಿಗೆಮನೆಯ ಮಹಡಿ ಮೆಟ್ಟಿಲು, ಅಮ್ಮನ ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ತಾನು, ನಿಂತಿರೋ ಮೆಟ್ಟಿಲು ಎಣಿಸ್ಬಾರ್ದು ಕಣೇ, ಅದು ಆಗ್ಲೇ ನಿಂದು, ಮುಂದಕ್ಕೆ ಕಾಲಿಟ್ಮೇಲೆ ಒಂದು — ಅಮ್ಮನ ಏದುಸಿರು, ಕೊತ್ತಂಬರಿಯ ವಾಸನೆ. ಟೀಚರ್ ಆ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಬಿಡಿಸಿದಳು, ತಣ್ಣಗಿತ್ತು, ತುದಿಯಲ್ಲಿ ಪೆನ್ಸಿಲಿನ ಮಸಿ, ಎಂಟು ಆಗ್ಲೇ ನಿಂದು ಪುಟ್ಟಿ, ಅದಕ್ಕೆ ಬೆರಳು ಕೊಡ್ಬೇಡ, ಈಗ ಎಣಿಸು, ಹೆಬ್ಬೆರಳು ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಕಿರುಬೆರಳಿನ ಮುಂದೆ ಗುಬ್ಬಿ ನಿಂತಳು, ಮೇಲೆ ನೋಡಿದಳು, ಹದಿಮೂರು, ಆಮೇಲೆ, ಇಷ್ಟೇನಾ ಮಿಸ್.

ಇಷ್ಟೇ ಕಣೇ, ಇಷ್ಟೇ, ಓಡು ಕ್ಲಾಸಿಗೆ — ಡಸ್ಟರ್ ಸರಿಸಿ ಹಾಳೆಯನ್ನು ನಡುವಿನ ಕಟ್ಟಿಗೆ ಸೇರಿಸಿದಳು, ಪಟ್ಟಿಯಲ್ಲಿ ಗುಬ್ಬಿಯ ಹೆಸರು ಬರೆದಳು, ಒಂಬತ್ತು ದಿನ ಸಾಕು, ಬೇಕಾದಷ್ಟಾಯಿತು, ಮೂರನೇ ಕಟ್ಟಿನಲ್ಲಿ ಇನ್ನೂ ಆರು ಹಾಳೆ, ಅವುಗಳಲ್ಲಿ ಏನೇನು ಅಡಗಿದೆಯೋ, ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು, ಹೇಗೆ ಮಾಡಿದೆ ತೋರಿಸು ಅಂತ, ಇಷ್ಟು ದಿನ ಎಷ್ಟು ಬಂತು ಅಂತ ಮಾತ್ರ ಕೇಳಿದೆನಲ್ಲ, ಗಂಟೆ ಹೊಡೆಯಿತು, ಬಾಗಿಲಲ್ಲಿ ಹೆಡ್‌ಮಿಸ್, ಪಟ್ಟಿ ಆಯ್ತಾ ಮಿಸ್, ಇನ್ನೂ ಆರು ಹೆಸರು ಸೇರಿಸ್ಬೇಕು ಮೇಡಂ, ಯಾರನ್ನೂ ಬಿಡೋದಿಲ್ಲ ನಾನು, ಪೆನ್ನು ಕಾಗದಕ್ಕೆ ತಾಗಿತು, ಅಲ್ಲೇ ನಿಂತಿತು, ಹಾಗಾದರೆ ನಾನು ಬಗ್ಗಿ ನೋಡಿದ ದಿನವೂ, ಏನೂ ಇಲ್ಲ ಅಂದುಕೊಂಡ ದಿನವೂ, ಒಂದು ವರ್ಷವಿಡೀ, ಡೆಸ್ಕಿನ ಕೆಳಗೆ, ಲಂಗದ ಮಡಿಕೆಯೊಳಗೆ, ನನಗೆ ಹೆದರಿ ಮಡಚಿಕೊಂಡಿದ್ದ ಆ ಹೆಬ್ಬೆರಳು, ಆ ತಣ್ಣನೆಯ ಪುಟ್ಟ ಹೆಬ್ಬೆರಳು —